ಕೂವೆಮರದ ಪಾಠಶಾಲೆ: ಒಂದು ಹಾಯಿಹಡಗಿನ ಚರಿತ್ರೆ

೧

ಹುಡುಗನು ಹಡಗಿನಲ್ಲಿದ್ದುಕೊಂಡೇ ಹಡಗಿನ ವಿದ್ಯೆಯನ್ನು ಕಲಿಯಬೇಕೆಂಬುದು ಬಹು ಪುರಾತನವಾದ ಪದ್ಧತಿ. ಹುಡುಗನಿಗೆ ಕಲಿಸುವುದಕ್ಕಾಗಿಯೇ ಒಂದು ಹಡಗನ್ನು ಕಟ್ಟಬೇಕೆಂಬುದು ಅದಕ್ಕೆ ಹೋಲಿಸಿದರೆ ತೀರ ಈಚಿನ ವಿಚಾರ. ಮೊದಲನೆಯದರಲ್ಲಿ ಹಡಗಿಗೆ ಹುಡುಗನು ಬೇಕಾಗಿದ್ದನು. ಎರಡನೆಯದರಲ್ಲಿ ಹುಡುಗನಿಗೆ ಹಡಗು ಬೇಕಾಯಿತು. ಮೇಲುನೋಟಕ್ಕೆ ಮಾತಿನ ಚಮತ್ಕಾರದಂತೆ ತೋರುವ ಈ ವ್ಯತ್ಯಾಸವು ನಿಜವಾಗಿ ಒಂದು ನಾಗರಿಕತೆಯು ತನ್ನ ಮಕ್ಕಳನ್ನು ಕುರಿತು ತಾಳುವ ಭಾವನೆಯ ವ್ಯತ್ಯಾಸವಾಗಿದೆ. ಡೆನ್ಮಾರ್ಕಿನ ಒಂದು ಚಿಕ್ಕ ಹಾಯಿಹಡಗಿನ ಕಥೆಯನ್ನು ಆಧಾರವಾಗಿಟ್ಟುಕೊಂಡು ಈ ಪರಿವರ್ತನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳೆಯ ಪದ್ಧತಿಗೆ ಎರಡು ನಿದರ್ಶನಗಳನ್ನು ಕೊಟ್ಟರೆ ಸಾಕು. ೧೭೭೧ರಲ್ಲಿ ಹನ್ನೆರಡು ವರ್ಷದ ಹೊರೇಷಿಯೋ ನೆಲ್ಸನ್ನನು ತನ್ನ ಸೋದರಮಾವನಾದ ಮಾರಿಸ್ ಸಕ್ಲಿಂಗನ ಅಧೀನದಲ್ಲಿದ್ದ 'ರೆಸೊನಬಲ್' ಎಂಬ ಯುದ್ಧನೌಕೆಯನ್ನೇರಿದನು. ಮುಂದೆ ಇಂಗ್ಲೆಂಡಿನ ನೌಕಾಬಲಕ್ಕೆ ಕೀರ್ತಿ ತಂದ ಆ ಸೇನಾನಿ ಶಾಲೆಯ ಹಲಗೆಯನ್ನು ಕೆಳಗಿಟ್ಟ ವಯಸ್ಸು ಅದು. ಪೋಲೆಂಡಿನ ಹುಡುಗನೊಬ್ಬನು ೧೮೭೪ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಕಡಲನ್ನು ಕಾಣದ ಕ್ರಾಕೋವಿನಿಂದ ಹೊರಟು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಬಂದು ಹಡಗು ಸೇರಿದನು. ಅವನೇ ೧೮೮೬ರಲ್ಲಿ ಬ್ರಿಟಿಷ್ ವ್ಯಾಪಾರನೌಕೆಗಳ ಕಪ್ತಾನನಾಗಲು ಅರ್ಹತಾಪತ್ರವನ್ನು ಪಡೆದು, ಆ ಮೇಲೆ ಇಂಗ್ಲಿಷ್ ಕಾದಂಬರಿಕಾರರಲ್ಲಿ ಅಗ್ರಗಣ್ಯನಾದ ಜೋಸೆಫ್ ಕಾನ್ರಾಡ್. ಇವರಿಬ್ಬರಿಗೂ ಪ್ರತ್ಯೇಕವಾದ ಪಾಠಶಾಲೆಯಿರಲಿಲ್ಲ. ಕೆಲಸವೇ ಪಾಠ, ಹಿರಿಯ ನಾವಿಕನೇ ಗುರು, ತಪ್ಪಿದರೆ ಕಡಲೇ ಶಿಕ್ಷಕ.

ನಮ್ಮ ಪಡುವಣ ಕರಾವಳಿಯಲ್ಲಿಯೂ ರೀತಿ ಬೇರೆಯಾಗಿರಲಿಲ್ಲ. ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರುಗಳಿಂದ ಹಂಚು, ಮರಮುಟ್ಟುಗಳನ್ನು ಹೇರಿಕೊಂಡು ಮುಂಬಯಿಗೆ ಬರುತ್ತಿದ್ದ ಮಚವೆ, ಪತ್ತೆಮಾರಿಗಳಲ್ಲಿ ಹುಡುಗನು ತಂದೆಯ ಅಥವಾ ಮಾವನ ಬೆನ್ನು ಹಿಡಿದು ಬರುತ್ತಿದ್ದನು. ಮೊದಲು ಅಡಿಗೆಯವನ ಕೈಕೆಳಗೆ ನೀರು ತುಂಬುವುದು, ಪಾತ್ರೆ ತಿಕ್ಕುವುದು; ಆಮೇಲೆ ಹಗ್ಗ, ಆಮೇಲೆ ಹಾಯಿ; ತಾಂಡೇಲನ ಮನಸ್ಸು ಒಪ್ಪಿದ ದಿನ ಚುಕ್ಕಾಣಿ. ಇದಕ್ಕೆ ಗ್ರಂಥವಿಲ್ಲ, ಪರೀಕ್ಷೆಯಿಲ್ಲ, ಅರ್ಹತಾಪತ್ರವೂ ಇಲ್ಲ. ವಿದ್ಯೆ ಮನೆತನದೊಳಗೇ ಹರಿದು ಬರುತ್ತಿತ್ತು. ಮನೆತನದ ಹೊರಗಿನವನಿಗೆ ಅದರ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

೨

ಬಾಗಿಲನ್ನು ಹೊರಗಿನವರಿಗೂ ತೆರೆಯುವ ಪ್ರಯತ್ನ ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಆರಂಭವಾಯಿತು. ೧೭೫೬ರಲ್ಲಿ ಜೋನಸ್ ಹಾನ್ವೆ ಎಂಬ ವರ್ತಕನೂ ಅವನ ಮಿತ್ರರೂ ಸೇರಿ 'ಮರೀನ್ ಸೊಸೈಟಿ'ಯನ್ನು ಸ್ಥಾಪಿಸಿ, ಲಂಡನ್ನಿನ ಬೀದಿಗಳಲ್ಲಿ ಅಲೆಯುತ್ತಿದ್ದ ಬಡ ಹುಡುಗರಿಗೆ ಬಟ್ಟೆಬರೆ ಕೊಟ್ಟು ನೌಕಾಸೈನ್ಯಕ್ಕೆ ಕಳುಹಿಸತೊಡಗಿದರು. ಮೂವತ್ತು ವರ್ಷಗಳ ಬಳಿಕ, ೧೭೮೬ರಲ್ಲಿ, ಇದೇ ಸಂಸ್ಥೆಯು ಥೇಮ್ಸ್ ನದಿಯಲ್ಲಿ ಒಂದು ಹಡಗನ್ನು ನಿಲ್ಲಿಸಿ, ಕಡಲಿಗೆ ಹೋಗುವ ಮುನ್ನವೇ ಹುಡುಗರಿಗೆ ಶಿಕ್ಷಣ ಕೊಡಲು ಏರ್ಪಾಡು ಮಾಡಿತು. ಇದರಲ್ಲಿ ದಯೆಯೂ ಇತ್ತು, ಲೆಕ್ಕಾಚಾರವೂ ಇತ್ತು. ಸಂಸ್ಥೆ ಸ್ಥಾಪನೆಯಾದ ೧೭೫೬ರಲ್ಲಿಯೇ ಫ್ರಾನ್ಸಿನೊಡನೆ ಯುದ್ಧ ಆರಂಭವಾಗಿತ್ತು. ನೌಕಾಸೈನ್ಯಕ್ಕೆ ಆಳುಗಳು ಬೇಕಾಗಿದ್ದರು. ಅನಾಥನನ್ನು ಉದ್ಧರಿಸುವುದೂ ಫಿರಂಗಿಯ ಬಳಿ ಒಬ್ಬನನ್ನು ನಿಲ್ಲಿಸುವುದೂ ಒಂದೇ ಕಾರ್ಯವಾಗಿ ಪರಿಣಮಿಸಿತು.

ಇಂಥ ಶಿಕ್ಷಣದ ಬೆಲೆ ಎಷ್ಟೆಂಬುದು ಒಂದು ಶತಮಾನದ ತರುವಾಯ ಭೀಕರವಾದ ರೀತಿಯಲ್ಲಿ ವ್ಯಕ್ತವಾಯಿತು. ೧೮೭೮ರ ಮಾರ್ಚ್ ತಿಂಗಳಲ್ಲಿ 'ಯುರಿಡಿಸಿ' ಎಂಬ ಬ್ರಿಟಿಷ್ ಶಿಕ್ಷಣನೌಕೆಯು ಸ್ವದೇಶದ ದಡವು ಕಣ್ಣಿಗೆ ಕಾಣುತ್ತಿರುವಾಗಲೇ, ವೈಟ್ ದ್ವೀಪದ ಬಳಿ, ಹಠಾತ್ತನೆ ಎರಗಿದ ಹಿಮಗಾಳಿಗೆ ಸಿಕ್ಕಿ ಮಗುಚಿತು. ಮುನ್ನೂರಕ್ಕೂ ಮಿಕ್ಕ ಜನರಿದ್ದ ಆ ಹಡಗಿನಲ್ಲಿ ಬದುಕಿ ಉಳಿದವರು ಇಬ್ಬರೇ. ಅದರ ಬದಲಿಗೆ ನೇಮಿಸಲಾದ 'ಅಟಲಾಂಟ'ವು ೧೮೮೦ರ ಜನವರಿಯಲ್ಲಿ ಬರ್ಮುಡಾದಿಂದ ಹೊರಟು ಎಲ್ಲಿಯೂ ತಲುಪಲಿಲ್ಲ. ಅದರಲ್ಲಿದ್ದ ೨೮೧ ಜನರ ಗತಿ ಏನಾಯಿತೆಂಬುದು ಇಂದಿಗೂ ಗೊತ್ತಿಲ್ಲ.

ಈ ಎರಡು ದುರಂತಗಳ ನೆನಪು ಮಾಸುವ ಮೊದಲೇ, ೧೮೮೨ರಲ್ಲಿ, ಕೋಪನ್‌ಹೇಗನ್ನಿನಲ್ಲಿ ನಮ್ಮ ಕಥೆಯ ಹಡಗು ನೀರಿಗಿಳಿಯಿತು.

೩

ಫ್ರೆಡರಿಕ್ ಸ್ಟಾಗೆ ಡೆನ್ಮಾರ್ಕಿನ ಒಬ್ಬ ಹಡಗಿನ ಒಡೆಯ. ಅವನ ಮಗ ಗೆಯೋರ್ಗನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಸತ್ತ ಮಗನ ಹೆಸರು ಉಳಿಯಬೇಕೆಂದು ಹೆತ್ತವರು ಛತ್ರವನ್ನೋ ಕೆರೆಯನ್ನೋ ಕಟ್ಟಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಸ್ಟಾಗೆ ಹಡಗನ್ನು ಕಟ್ಟಿಸಿದನು. ಕಬ್ಬಿಣದ ಒಡಲು, ಮೂರು ಕೂವೆಮರ, ಮೂರರಲ್ಲಿಯೂ ಅಡ್ಡಮರಗಳಿಗೆ ಬಿಗಿದ ಚೌಕಹಾಯಿ. ಉದ್ದ ನೂರಡಿಗೆ ತುಸು ಮೇಲೆ, ಭಾರ ಸುಮಾರು ೨೦೦ ಟನ್ನು. ಮಹಾಸಾಗರಗಳ ಹಾಯಿಹಡಗುಗಳ ಪಕ್ಕದಲ್ಲಿ ಅದು ಆಟಿಕೆಯಂತೆ ಕಾಣುತ್ತಿದ್ದಿರಬೇಕು. ಆದರೆ ಆ ಒಡಲಿನೊಳಗೆ ಎಂಬತ್ತು ಮಂದಿ ಹುಡುಗರಿಗೆ ಸ್ಥಳವಿತ್ತು. ಅವರ ಹೊರತು ಅದು ಬೇರಾವ ಸರಕನ್ನೂ ಹೊರುತ್ತಿರಲಿಲ್ಲ ಎಂಬ ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಹಡಗು ಲಾಭಕ್ಕಾಗಿ ಸಂಚರಿಸುವ ವಸ್ತು. ಈ ಹಡಗಿಗೆ ಲಾಭವಿರಲಿಲ್ಲ. ಸತ್ತ ಒಬ್ಬ ಮಗನ ಹೆಸರಿನಲ್ಲಿ ಬದುಕಿರುವ ಎಂಬತ್ತು ಮಕ್ಕಳನ್ನು ಹೊತ್ತು ತಿರುಗುವುದೇ ಅದರ ವ್ಯಾಪಾರ.

ಚಳಿಗಾಲ ಕಳೆದೊಡನೆ ಹುಡುಗರು ಹಡಗನ್ನು ಸೇರುತ್ತಿದ್ದರು, ಬೇಸಗೆಯುದ್ದಕ್ಕೂ ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ ಸಂಚಾರ, ಶರತ್ಕಾಲಕ್ಕೆ ಮನೆ. ಈ ಕೆಲವು ತಿಂಗಳುಗಳಲ್ಲಿ ಅವರು ಏನನ್ನು ಕಲಿಯುತ್ತಿದ್ದರು? ಮೊದಲನೆಯದಾಗಿ ಹಗ್ಗ. ಮೂರು ಕೂವೆಮರಗಳ ಹಡಗಿನಲ್ಲಿ ಹಗ್ಗಗಳು ನೂರಕ್ಕೂ ಮೇಲು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಗೂಟ, ಒಂದು ಕೆಲಸ. ಕತ್ತಲೆಯಲ್ಲಿ, ಮಳೆಯಲ್ಲಿ, ಹಡಗು ಹೊರಳುತ್ತಿರುವಾಗ, ಬೇಕಾದ ಹಗ್ಗದ ಮೇಲೆ ಕೈ ತಾನಾಗಿ ಹೋಗಬೇಕು. ಒಂದರ ಬದಲು ಇನ್ನೊಂದನ್ನು ಬಿಚ್ಚಿದರೆ ಮೇಲಿದ್ದವನ ಪ್ರಾಣಕ್ಕೆ ಸಂಚಕಾರ. ಎರಡನೆಯದಾಗಿ ಏರುವಿಕೆ. ಕೂವೆಮರದ ಇಕ್ಕೆಲದ ಹಗ್ಗದ ಏಣಿಯಿಂದ ಹತ್ತಿ, ಅಡ್ಡಮರದ ಕೆಳಗೆ ತೂಗುವ ಕಾಲ್ಹಗ್ಗದ ಮೇಲೆ ನಿಂತು, ಹೊಟ್ಟೆಯನ್ನು ಮರಕ್ಕೆ ಆನಿಸಿ, ಒದ್ದೆಯಾಗಿ ಬಿಗಿದ ಹಾಯಿಯನ್ನು ಮಡಿಮಡಿಯಾಗಿ ಸೆಳೆದು ಕಟ್ಟಬೇಕು. ಒಂದು ಕೈ ಹಡಗಿಗೆ, ಒಂದು ಕೈ ನಿನಗೆ ಎಂಬುದು ನಾವಿಕರಲ್ಲಿ ಪರಂಪರೆಯಿಂದ ಬಂದ ಸೂತ್ರ. ಕರ್ತವ್ಯಕ್ಕೂ ಆತ್ಮರಕ್ಷಣೆಗೂ ನಡುವೆ ಇದಕ್ಕಿಂತ ನ್ಯಾಯವಾದ ಪಾಲುಪಟ್ಟಿಯನ್ನು ಯಾವ ನೀತಿಶಾಸ್ತ್ರವೂ ಮಾಡಿರಲಾರದು.

ಮೂರನೆಯದು ಪಾಳಿ. ಹಗಲಿರುಳನ್ನು ನಾಲ್ಕು ನಾಲ್ಕು ಗಂಟೆಗಳ ಕಾವಲುಗಳಾಗಿ ಹಂಚಿ, ಒಂದು ತಂಡ ಮಲಗಿರುವಾಗ ಇನ್ನೊಂದು ಎಚ್ಚರವಾಗಿರುವುದು ಹಾಯಿಹಡಗಿನ ವಾಡಿಕೆ. ತಾನು ನಿಶ್ಚಿಂತನಾಗಿ ನಿದ್ರಿಸಬೇಕಾದರೆ ಮತ್ತೊಬ್ಬನು ಚಳಿಯಲ್ಲಿ ನಿಂತಿರಬೇಕೆಂಬುದನ್ನೂ, ತಾನು ನಿಂತಿರುವುದರಿಂದಲೇ ಉಳಿದವರು ಮಲಗಿದ್ದಾರೆಂಬುದನ್ನೂ, ಹದಿನೈದು ಹದಿನಾರರ ಹುಡುಗನು ದಿನಕ್ಕೆ ಹಲವು ಸಲ ಮೈಯಿಂದಲೇ ತಿಳಿದುಕೊಳ್ಳುತ್ತಿದ್ದನು. ಹಗ್ಗದ ಹೆಸರುಗಳನ್ನು ಅವನು ಮುಂದೆ ಹಬೆಯಂತ್ರದ ಹಡಗಿಗೆ ಸೇರಿದ ಮೇಲೆ ಮರೆತಿರಬಹುದು. ಈ ತಿಳಿವಳಿಕೆಯನ್ನು ಮರೆತಿರಲಾರ.

೪

೧೯೦೫ರ ಜೂನ್ ತಿಂಗಳ ಒಂದು ರಾತ್ರಿ ಈ ಹಡಗು ಕೋಪನ್‌ಹೇಗನ್ನಿನ ಸಮೀಪದಲ್ಲಿಯೇ ಇದ್ದಾಗ, 'ಅಂಕೋನಾ' ಎಂಬ ಬ್ರಿಟಿಷ್ ಉಗಿಹಡಗು ಬಂದು ಅದರ ಪಕ್ಕಕ್ಕೆ ಬಡಿಯಿತು. ಪಾಳಿಯಿಲ್ಲದ ಹುಡುಗರು ಕೆಳಗೆ ತಮ್ಮ ತೂಗುಹಾಸಿಗೆಗಳಲ್ಲಿ ಮಲಗಿದ್ದರು. ಹಡಗು ಕೆಲವೇ ನಿಮಿಷಗಳಲ್ಲಿ ತಳಕ್ಕಿಳಿಯಿತು. ಇಪ್ಪತ್ತೆರಡು ಮಂದಿ ಹುಡುಗರು ಮೇಲೆ ಬರಲಿಲ್ಲ.

ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ದುಃಖದಿಂದ ಹುಟ್ಟಿದ ಹಡಗು ಒಂದೇ ರಾತ್ರಿಯಲ್ಲಿ ಇಪ್ಪತ್ತೆರಡು ಮನೆಗಳಿಗೆ ಅದೇ ದುಃಖವನ್ನು ಕೊಂಡೊಯ್ದಿತು. ಇಲ್ಲಿ ಚರಿತ್ರಕಾರನು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ. ಕಡಲಿನ ಶಿಕ್ಷಣವನ್ನು ಹೊಗಳುವವರು ಈ ಸಂಖ್ಯೆಯನ್ನು ಬೇಗ ದಾಟಿ ಮುಂದೆ ಹೋಗುವುದುಂಟು. ಅದನ್ನು ಹಳಿಯುವವರು ಈ ಸಂಖ್ಯೆಯಾಚೆಗೆ ಏನನ್ನೂ ನೋಡದಿರುವುದುಂಟು. ಡೇನರು ಮಾಡಿದ್ದೇನು? ಮುಳುಗಿದ ಹಡಗನ್ನು ಮೇಲೆತ್ತಿದರು, ದುರಸ್ತಿ ಮಾಡಿದರು, ಮತ್ತೆ ಹುಡುಗರನ್ನು ಹತ್ತಿಸಿಕೊಂಡು ಹೊರಟರು. ಹೊಸ ತಂಡದ ಹುಡುಗರ ತಂದೆತಾಯಿಗಳು ನಡೆದುದನ್ನು ಅರಿಯದವರಾಗಿರಲಿಲ್ಲ. ಆದರೂ ಕಳುಹಿಸಿದರು. ಅದನ್ನು ಕಠೋರತೆಯೆನ್ನಬೇಕೋ ಧೈರ್ಯವೆನ್ನಬೇಕೋ ಎಂಬುದನ್ನು, ಕಡಲನ್ನು ನೆಚ್ಚಿ ಬದುಕದ ನಾವು ತೀರ್ಮಾನಿಸುವುದು ಸುಲಭವಲ್ಲ.

ಡೆನ್ಮಾರ್ಕಿನ ಪಾಲಿಗೆ ಇನ್ನೊಂದು ಆಘಾತ ಕಾದಿತ್ತು. ೧೯೨೧ರಲ್ಲಿ ಕಟ್ಟಲಾದ 'ಕೋಬೆನ್‌ಹಾವ್ನ್' ಎಂಬ ಐದು ಕೂವೆಮರಗಳ ಭಾರಿ ಹಡಗು ೧೯೨೮ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ಹೊರಟು ಕಣ್ಮರೆಯಾಯಿತು. ಅದರಲ್ಲಿದ್ದ ಅರುವತ್ತು ಜನರಲ್ಲಿ ನಲವತ್ತೈದು ಮಂದಿ ಕಲಿಯುವ ಹುಡುಗರು. ಇಷ್ಟಾದ ಮೇಲೂ ಆ ಪುಟ್ಟ ರಾಷ್ಟ್ರವು ಹಾಯಿಯನ್ನು ಕೈಬಿಡಲಿಲ್ಲ. ೧೯೩೩ರಲ್ಲಿ 'ಡೆನ್ಮಾರ್ಕ್' ಎಂಬ ಹೊಸ ಶಿಕ್ಷಣನೌಕೆ ಕಡಲಿಗಿಳಿಯಿತು. ೧೯೩೪ರಲ್ಲಿ 'ಗೆಯೋರ್ಗ್ ಸ್ಟಾಗೆ' ಎಂಬ ಅದೇ ಹೆಸರಿನಲ್ಲಿ ಎರಡನೆಯ ಹಡಗೊಂದು ಸಿದ್ಧವಾಯಿತು. ಹಳೆಯ ಹಡಗು ಅದುವರೆಗೆ ನಾಲ್ಕು ಸಾವಿರಕ್ಕೂ ಮಿಕ್ಕ ಹುಡುಗರನ್ನು ನಾವಿಕರನ್ನಾಗಿ ಮಾಡಿತ್ತು. ಅದಕ್ಕೆ ಈಗ ಐವತ್ತೆರಡು ವರ್ಷ ತುಂಬಿತ್ತು. ಗುಜರಿಗೆ ಹೋಗುವುದೊಂದೇ ಬಾಕಿ.

೫

ಆ ಗತಿಯಿಂದ ಅದನ್ನು ತಪ್ಪಿಸಿದವನು ಆಲನ್ ವಿಲಿಯರ್ಸ್. ೧೯೦೩ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿನಲ್ಲಿ ಹಾಯಿಹಡಗು ಸೇರಿ, ಮುಂದೆ ಲೇಖಕನೆಂದು ಪ್ರಸಿದ್ಧನಾದ ಈತನು ೧೯೩೪ರಲ್ಲಿ ಹಳೆಯ 'ಗೆಯೋರ್ಗ್ ಸ್ಟಾಗೆ'ಯನ್ನು ಕೊಂಡುಕೊಂಡು ಅದಕ್ಕೆ 'ಜೋಸೆಫ್ ಕಾನ್ರಾಡ್' ಎಂದು ಹೆಸರಿಟ್ಟನು. ಹಡಗಿನ ಮುಂತುದಿಗೆ ಕಾನ್ರಾಡನ ಮುಖವನ್ನು ಮರದಲ್ಲಿ ಕೆತ್ತಿಕೊಟ್ಟವನು ಅಮೆರಿಕದ ಹೆಸರಾಂತ ಮುದ್ರಣಕಲಾವಿದ ಬ್ರೂಸ್ ರಾಜರ್ಸ್. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಿಂದ ಹೊರಟ ಹಡಗಿನಲ್ಲಿ ಹೆಚ್ಚಿನವರು ಎಳೆಯರು. ನ್ಯೂಯಾರ್ಕಿನಲ್ಲಿ ೧೯೩೫ರ ಜನವರಿಯ ಬಿರುಗಾಳಿಗೆ ಲಂಗರು ಕಿತ್ತು, ಬ್ರೂಕ್ಲಿನ್ನಿನ ದಡದ ಬಂಡೆಗಳ ಮೇಲೇರಿದರೂ, ದುರಸ್ತಿಯಾಗಿ ಮುಂದುವರಿಯಿತು. ರಿಯೊ, ಕೇಪ್‌ಟೌನ್, ಸಿಂಗಪುರ, ಸಿಡ್ನಿ, ಟಹೀಟಿಗಳನ್ನು ಮುಟ್ಟಿ, ನಾವಿಕರ ಎದೆ ನಡುಗಿಸುವ ಹಾರ್ನ್ ಭೂಶಿರವನ್ನು ಸುತ್ತಿ, ೧೯೩೬ರ ಅಕ್ಟೋಬರಿನಲ್ಲಿ ಮರಳಿ ನ್ಯೂಯಾರ್ಕನ್ನು ಸೇರುವ ವೇಳೆಗೆ ಅದು ಕ್ರಮಿಸಿದ್ದ ದೂರ ೫೭,೦೦೦ ಮೈಲಿಗಳಿಗೂ ಮೇಲು.

ವಿಲಿಯರ್ಸನಿಗೆ ಈ ಯಾತ್ರೆಯಿಂದ ಪುಸ್ತಕ ದೊರೆಯಿತು, ಹಣ ದೊರೆಯಲಿಲ್ಲ. ಬರಿಗೈಯಾದ ಅವನು ಹಡಗನ್ನು ಮಾರಬೇಕಾಯಿತು. ಕೆಲಕಾಲ ಧನಿಕನೊಬ್ಬನ ವಿಹಾರನೌಕೆಯಾಗಿದ್ದು, ೧೯೩೯ರಲ್ಲಿ ಅಮೆರಿಕದ ಸರಕಾರದ ವಶಕ್ಕೆ ಬಂದು, ಮಹಾಯುದ್ಧದ ಕಾಲದಲ್ಲಿ ಅದು ಮತ್ತೊಮ್ಮೆ ನಾವಿಕರ ಪಾಠಶಾಲೆಯಾಯಿತು. ೧೯೪೭ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಮಿಸ್ಟಿಕ್ ಊರಿನ ನೌಕಾವಸ್ತು ಸಂಗ್ರಹಾಲಯಕ್ಕೆ ಸೇರಿತು. ಇಂದಿಗೂ ಅಲ್ಲಿಯೇ ಇದೆ. ಅದು ಈಗ ಕಡಲಿಗೆ ಹೋಗುವುದಿಲ್ಲ. ಬೇಸಗೆಯಲ್ಲಿ ಬರುವ ಹುಡುಗ ಹುಡುಗಿಯರು ರಾತ್ರಿ ಅದರೊಳಗೆ ಮಲಗಿ, ಹಗಲು ಹೊಳೆಯಲ್ಲಿ ಚಿಕ್ಕ ದೋಣಿಗಳಿಗೆ ಹಾಯಿ ಕಟ್ಟಿ ಗಾಳಿಯ ಪಾಠ ಕಲಿಯುತ್ತಾರೆ. ಇಪ್ಪತ್ತೆರಡು ಮಂದಿ ನಿದ್ರೆಯಿಂದ ಏಳದೆ ಹೋದ ಒಡಲಿನಲ್ಲಿ ಈಗಿನ ಮಕ್ಕಳು ನಿರ್ಭಯವಾಗಿ ನಿದ್ರಿಸುತ್ತಾರೆ.

೬

ಹಬೆಯಂತ್ರವೂ ಅದರ ಬೆನ್ನಿಗೆ ತೈಲಯಂತ್ರವೂ ಬಂದಮೇಲೆ ಹಾಯಿಯ ವಿದ್ಯೆ ಏತಕ್ಕೆ ಎಂಬ ಪ್ರಶ್ನೆ ಸಹಜವಾಗಿದೆ. ಇದಕ್ಕೆ ದೊರೆತ ಉತ್ತರಗಳಲ್ಲಿ ಅತ್ಯಂತ ಗಂಭೀರವಾದುದು ಎರಡನೆಯ ಮಹಾಯುದ್ಧದ ಕಾಲದ್ದು. ಜರ್ಮನರ ದಾಳಿಗೆ ಮುಳುಗಿದ ಹಡಗುಗಳಿಂದ ಜೀವರಕ್ಷಕ ದೋಣಿಗಳನ್ನೇರಿದವರಲ್ಲಿ, ಹಾಯಿಯಲ್ಲಿ ಪಳಗಿದ ಹಿರಿಯ ನಾವಿಕರು ಬದುಕಿ ಬರುತ್ತಿದ್ದರೆ, ಮೈಯಲ್ಲಿ ಹೆಚ್ಚು ಕಸುವಿದ್ದ ಎಳೆಯರೇ ಸಾಯುತ್ತಿದ್ದಾರೆಂದು ಲಿವರ್‌ಪೂಲಿನ ಹಡಗಿನ ಒಡೆಯ ಲಾರೆನ್ಸ್ ಹೋಲ್ಟನು ಅಭಿಪ್ರಾಯಪಟ್ಟನು. ಇದರ ಫಲವಾಗಿ ಅವನೂ ಶಿಕ್ಷಣತಜ್ಞ ಕುರ್ಟ್ ಹಾನನೂ ಸೇರಿ ೧೯೪೧ರಲ್ಲಿ ವೇಲ್ಸಿನ ಅಬರ್ಡೋವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆಯನ್ನು ತೆರೆದರು. ಹೋಲ್ಟನ ಮಾತು ಅನುಭವಿಯ ಅಭಿಪ್ರಾಯವೇ ಹೊರತು ಅಂಕಿಅಂಶಗಳಿಂದ ಸಾಧಿಸಿದ ಸಿದ್ಧಾಂತವಲ್ಲ. ಆದರೂ ಅದರಲ್ಲಿ ಒಂದು ತಿರುಳಿದೆ. ಯಂತ್ರವನ್ನು ನಂಬಿದವನು ಯಂತ್ರ ನಿಂತಾಗ ನಿರಾಶನಾಗುತ್ತಾನೆ. ಗಾಳಿಯೊಡನೆ ವ್ಯವಹರಿಸಿದವನಿಗೆ ಕಾಯುವುದು ಗೊತ್ತಿರುತ್ತದೆ.

ಹೀಗೆ ಹಾಯಿಯ ಪ್ರಯೋಜನವು ಕಸಬಿನಿಂದ ಶೀಲಕ್ಕೆ ಸರಿಯಿತು. ೧೯೫೬ರಲ್ಲಿ ಇಂಗ್ಲೆಂಡಿನ ಟಾರ್‌ಬೇಯಿಂದ ಲಿಸ್ಬನ್ನಿಗೆ ಶಿಕ್ಷಣನೌಕೆಗಳ ಮೊದಲ ಪಂದ್ಯ ನಡೆಯಿತು. ಅದರ ಮರುವರ್ಷವೇ, ೧೯೫೭ರ ಸೆಪ್ಟೆಂಬರಿನಲ್ಲಿ, 'ಪಾಮೀರ್' ಎಂಬ ಜರ್ಮನ್ ಹಾಯಿಹಡಗು ಅಟ್ಲಾಂಟಿಕ್ ಸಾಗರದ ಚಂಡಮಾರುತದಲ್ಲಿ ಮುಳುಗಿ, ೮೬ ಜನರಲ್ಲಿ ಆರು ಮಂದಿ ಮಾತ್ರ ಉಳಿದರು. ತೀರಿಹೋದವರಲ್ಲಿ ಬಹುಪಾಲು ಕಲಿಯುವ ಹುಡುಗರು. ಚೀಲಗಳಲ್ಲಿ ಕಟ್ಟದೆ ರಾಶಿಯಾಗಿ ಸುರಿದಿದ್ದ ಬಾರ್ಲಿ ಒಂದು ಮಗ್ಗುಲಿಗೆ ಸರಿದುದು ಆ ಅನಾಹುತಕ್ಕೆ ಮುಖ್ಯ ಕಾರಣವೆಂದು ವಿಚಾರಣೆಯಲ್ಲಿ ಹೊರಬಿದ್ದಿತು.

ಈ ದುರಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 'ಯುರಿಡಿಸಿ'ಯ ಫಿರಂಗಿಯ ಕಿಂಡಿಗಳು ತೆರೆದಿದ್ದುವು. 'ಗೆಯೋರ್ಗ್ ಸ್ಟಾಗೆ'ಗೆ ಮತ್ತೊಂದು ಹಡಗು ಬಂದು ಬಡಿಯಿತು. 'ಪಾಮೀರ್' ತನ್ನ ಖರ್ಚನ್ನು ತಾನೇ ದುಡಿಯಬೇಕಾಗಿದ್ದುದರಿಂದ ಮಕ್ಕಳ ಜೊತೆಗೆ ಸರಕನ್ನೂ ಹೊತ್ತಿತ್ತು. ಇವುಗಳಲ್ಲಿ ಯಾವುದರಲ್ಲಿಯೂ ಹುಡುಗರ ಅಜ್ಞಾನವು ಕಾರಣವಾಗಿ ಕಾಣುವುದಿಲ್ಲ. ಹುಡುಗರು ಕಲಿಯಬೇಕಾದುದನ್ನು ಕಲಿತಿದ್ದರು, ತಪ್ಪಿದವರು ಹಿರಿಯರು. ಆದುದರಿಂದ ಮಕ್ಕಳು ಕಡಲಿಗೆ ತಕ್ಕವರೇ ಎಂಬ ಪ್ರಶ್ನೆಗಿಂತ, ಮಕ್ಕಳನ್ನು ಕಡಲಿಗೆ ಒಯ್ಯುವ ಹೊಣೆಗೆ ಹಿರಿಯರು ತಕ್ಕವರೇ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ. ಹುಡುಗನನ್ನೇ ಏಕಮಾತ್ರ ಸರಕೆಂದು ತಿಳಿದ ಸ್ಟಾಗೆಯ ಮೂಲಸಂಕಲ್ಪವು ಈ ದೃಷ್ಟಿಯಿಂದ ಎಲ್ಲಕ್ಕಿಂತ ಶುದ್ಧವಾಗಿತ್ತು.

೭

ನಮ್ಮ ದೇಶದಲ್ಲಿ ಈ ಬಾಗಿಲು ತೆರೆದುದು ತಡವಾಗಿ. ಭಾರತೀಯ ಖಲಾಸಿಗಳು ತಲೆಮಾರುಗಳಿಂದ ಬ್ರಿಟಿಷ್ ಹಡಗುಗಳ ಭಾರವನ್ನು ಹೊತ್ತಿದ್ದರೂ ಅಧಿಕಾರಿಯ ಸ್ಥಾನಕ್ಕೆ ಅವರ ಮಕ್ಕಳನ್ನು ತಯಾರು ಮಾಡುವ ಏರ್ಪಾಡು ಇರಲಿಲ್ಲ. ೧೯೧೯ರ ಏಪ್ರಿಲ್ ೫ರಂದು 'ಲಾಯಲ್ಟಿ' ಎಂಬ ಭಾರತೀಯ ಒಡೆತನದ ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಎಂಟು ವರ್ಷಗಳ ತರುವಾಯ, ೧೯೨೭ರಲ್ಲಿ, 'ಡಫರಿನ್' ಎಂಬ ಹಳೆಯ ಸೈನ್ಯಸಾಗಣೆಯ ಹಡಗು ಮುಂಬಯಿಯ ಮಜಗಾಂವಿನೆದುರು ಲಂಗರು ಹಾಕಿ ಭಾರತೀಯ ಬಾಲಕರ ಶಿಕ್ಷಣನೌಕೆಯಾಯಿತು. ೧೯೭೨ರವರೆಗೂ ಅದು ಈ ಕಾರ್ಯವನ್ನು ನಡೆಸಿತು. ಅದು ಯಂತ್ರದ ಹಡಗು, ನಿಂತಲ್ಲಿ ನಿಂತ ಹಡಗು. ನಿಜವಾದ ಚೌಕಹಾಯಿಯ ಶಿಕ್ಷಣನೌಕೆಯೊಂದು ೧೯೯೭ರಲ್ಲಿ ಬಂದಿತು. ಆ ವರ್ಷ ಭಾರತೀಯ ನೌಕಾಪಡೆಗೆ ಸೇರಿದ, ಗೋವೆಯಲ್ಲಿ ಕಟ್ಟಿದ, ಮೂರು ಕೂವೆಮರಗಳ 'ತರಂಗಿಣಿ'ಯು ೨೦೦೩–೦೪ರಲ್ಲಿ ಭೂಪ್ರದಕ್ಷಿಣೆಯನ್ನೂ ಮಾಡಿ ಬಂದಿತು.

ಆದರೆ ಕರಾವಳಿಯ ಮಚವೆ, ಪತ್ತೆಮಾರಿಗಳಲ್ಲಿ ಕಲಿತವರ ವಿದ್ಯೆಗೆ ಯಾವ ಸ್ಟಾಗೆಯೂ ಹಡಗು ಕಟ್ಟಿಸಲಿಲ್ಲ. ಯಂತ್ರದೋಣಿಯೂ ಮೋಟಾರು ಲಾರಿಯೂ ಬಂದೊಡನೆ ಆ ವಿದ್ಯೆಯು ಸದ್ದಿಲ್ಲದೆ ಹಿಂದೆ ಸರಿಯಿತು. ಅದನ್ನು ಬಲ್ಲವರ ಮಕ್ಕಳು ಮೊಮ್ಮಕ್ಕಳು ಈ ಮಹಾನಗರದ ಕಚೇರಿಗಳಿಗೂ ಗಿರಣಿಗಳಿಗೂ ಹೋಟೆಲುಗಳಿಗೂ ಬಂದರು. ಹಗ್ಗದ ಹೆಸರು, ಗಾಳಿಯ ಹೆಸರು, ಗಂಟಿನ ಹೆಸರು ಎಷ್ಟೋ ಇದ್ದಿರಬೇಕು. ಅವು ನಿಘಂಟಿಗೆ ಸೇರುವ ಮೊದಲೇ ಬಾಯಿಂದ ಜಾರಿಹೋಗುತ್ತಿವೆ. ಡೆನ್ಮಾರ್ಕು ತನ್ನ ಹಳೆಯ ವಿದ್ಯೆಯನ್ನು ಪ್ರಾಣದ ಬೆಲೆ ತೆತ್ತು ಉಳಿಸಿಕೊಂಡಿತು. ನಾವು ಒಂದು ಟಿಪ್ಪಣಿಪುಸ್ತಕದ ಬೆಲೆಯನ್ನೂ ತೆರಲಿಲ್ಲ. ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ಬಾಲ್ಯದಲ್ಲಿ ಹಾಯಿಯ ಹಡಗಿನಲ್ಲಿ ಮುಂಬಯಿಗೆ ಬಂದವರು, ಅಥವಾ ತಾಂಡೇಲರ ಮನೆಯಲ್ಲಿ ಹುಟ್ಟಿದವರು, ಇನ್ನೂ ಕೆಲವರಾದರೂ ಇರಬಹುದು. ಅವರ ಬಳಿ ಕುಳಿತು ಆ ಮಾತುಗಳನ್ನು ಬರೆದಿಡುವುದಕ್ಕೆ ಹಡಗೂ ಬೇಡ, ಧನಿಕನ ದಾನವೂ ಬೇಡ. ಒಂದು ಲೇಖನಿ ಸಾಕು. ಈ ತರುಣ ಪಾಳಿಯವರು ಎಚ್ಚರವಾಗಿದ್ದರೆ ಮಾತ್ರ ಮಲಗಿದವರ ಸಂಪತ್ತು ಉಳಿದೀತು.